ಎದುರು ಪಾರ್ಟಿಯವಳು

"ಏಳೂವರೆ ಸೈಜು. ಸರಿ ತಾನೆ?"

ರೋವೆನಾ ಹಾಸ್ ಇನ್ನೂ ಕೋಟಿನ ಮೇಲಿನ ಹಿಮ ಕೊಡವಿಕೊಳ್ಳುತ್ತಿದ್ದಳು. ಕೌಂಟರಿನ ಹಿಂದಿದ್ದ ಉದ್ದನೆಯ ಮನುಷ್ಯ ಅವಳ ಬೂಟುಗಳನ್ನು ಒಮ್ಮೆ ನೋಡಿ, ಹಿಂದಿನ ಗೂಡಿಗೆ ಕೈ ಹಾಕಿ, ಒಂದು ಜೊತೆ ಚಕ್ರದ ಸ್ಕೇಟು ತೆಗೆದು ಅವಳ ಮುಂದಿಟ್ಟ.

"ಹೊಸಬರ ಕ್ಲಾಸಿಗೆ ಅಂತ ಫೋನ್ ಮಾಡಿದ್ದವರು ನೀವೇ ಅಲ್ವಾ? ಲೇಟಾಯ್ತು ಅಂತ ಗಾಬರಿ ಬೇಡ. ಉಳಿದವರೂ ಬಂದಿಲ್ಲ." ಒಂದು ಕ್ಷಣ ತಡೆದು ತಾನೇ ನಕ್ಕ. "ನಿಜ ಹೇಳ್ಬೇಕಂದ್ರೆ ಉಳಿದವರು ಅಂತ ಯಾರೂ ಇಲ್ಲ. ನೀವೊಬ್ರೇ."

ಫೋನ್ ಮಾಡಿದ್ದು ನಾನಲ್ಲ ಎಂದು ಆಗಲೇ ಹೇಳಬೇಕಿತ್ತು. ಅಷ್ಟೇ ಸಾಕಿತ್ತು. ಆದರೆ ಅವನ ನಗು ಇನ್ನೂ ಮುಗಿದಿರಲಿಲ್ಲ. ಎಡಗಣ್ಣಿನ ಪಕ್ಕದಲ್ಲಿ ಸ್ವಲ್ಪ ಉಳಿದುಕೊಂಡು, ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತಿತ್ತು. ರೋವೆನಾ ಬಗ್ಗಿ ಬೂಟಿನ ದಾರ ಬಿಚ್ಚಿದಳು.

ಅವಳು ಬಂದದ್ದು ಕಟ್ಟಡ ನೋಡಲು. ಟೊಲೆಡೊ ಊರಿನ ದೊಡ್ಡ ವಕೀಲರ ಕಚೇರಿಯೊಂದರಲ್ಲಿ ಅವಳಿಗೆ ಸಾಲ ವಸೂಲಿಯ ಕೆಲಸ. ಕಂತು ಕಟ್ಟದವರ ಮೇಲೆ ಬ್ಯಾಂಕಿನ ಪರವಾಗಿ ದಾವೆ ಹೂಡುವುದು, ಅಡವಿಟ್ಟ ಆಸ್ತಿಯನ್ನು ಹರಾಜಿಗೆ ತರುವುದು, ಹರಾಜಾಗುವವರೆಗೆ ಅದನ್ನು ಮಾಲೀಕನ ಕೈಯಿಂದ ಬಿಡಿಸಿ, ಕೋರ್ಟು ನೇಮಿಸಿದ ರಿಸೀವರನ ವಶಕ್ಕೆ ಕೊಡಿಸುವುದು. ಈ ಸ್ಕೇಟಿಂಗ್ ಅಂಗಳದ, ಅಂದರೆ ರಿಂಕಿನ, ಚಾವಣಿ ಕುಸಿದಾಗ ಮಾಲೀಕ ಸಾಲ ಮಾಡಿದ್ದ. ಚಾವಣಿ ನಿಂತಿತು, ಕಂತು ನಿಂತುಹೋಯಿತು. ಅವನಿಗೆ ಹೋಗಿದ್ದ ಎಚ್ಚರಿಕೆಯ ನೋಟಿಸು ಬರೆದವಳು ರೋವೆನಾ. ಸಹಿ ಮಾತ್ರ ಮೇಲಿನವರದ್ದು.

"ನಾನು ಟ್ಯಾಡ್. ಟ್ಯಾಡ್ ಗ್ರಾಬೋವ್ಸ್ಕಿ," ಎಂದು ಅವನು ಕೈ ಚಾಚಿದ. ನೋಟಿಸಿನಲ್ಲಿದ್ದ ಮಾಲೀಕನ ಹೆಸರು ಅದೇ. "ಹೆಸರು ಆಮೇಲೆ ಹೇಳಿ. ಮೊದ್ಲು ಕೈ ಹಿಡ್ಕೊಳ್ಳಿ, ಇಲ್ದಿದ್ರೆ ಬೀಳ್ತೀರಾ."

ಅವಳು ಬಿದ್ದೇ ಬಿದ್ದಳು. ಹುಡುಗಿಯಾಗಿದ್ದಾಗಲೂ ಆಟಕ್ಕಿಳಿಯದೆ ಬದಿಗೆ ನಿಂತು ನೋಡಿದವಳು, ಮೂವತ್ತಾರರ ವಯಸ್ಸಿನಲ್ಲಿ ನುಣ್ಣನೆಯ ಮರದ ನೆಲದ ಮೇಲೆ ಕಾಲು ಚಾಚಿ ಕುಳಿತು, ತನ್ನದೇ ನಗು ಅಷ್ಟು ದೊಡ್ಡದಾಗಿ ಕೇಳಿ ಬೆಚ್ಚಿದಳು.

"ಚೆನ್ನಾಗಿ ಬಿದ್ರಿ," ಅಂದ ಟ್ಯಾಡ್ ಗಂಭೀರವಾಗಿ. "ತುಂಬಾ ಜನಕ್ಕೆ ಇಷ್ಟು ನೀಟಾಗಿ ಬೀಳೋಕೆ ಬರಲ್ಲ."

"ಇದಕ್ಕೂ ಮಾರ್ಕ್ಸ್ ಇದ್ಯಾ?"

"ಇದೆ. ಏಳೋದಕ್ಕೂ ಇದೆ. ಬನ್ನಿ."

ಅವನ ಅಂಗೈ ಒರಟು, ಬೆಚ್ಚಗೆ. ಅವಳು ಎದ್ದು ನಿಂತ ಮೇಲೂ ಅವನು ಕೈ ಬಿಡಲಿಲ್ಲ. ಬಿಟ್ಟರೆ ಬೀಳುತ್ತಾಳೆಂದು ಅವನಿಗೆ ಗೊತ್ತಿತ್ತು. ಬಿಡಬಾರದೆಂದು ತನಗೆ ಅನ್ನಿಸಿದ್ದು ಬೀಳುವ ಭಯಕ್ಕಲ್ಲ ಎಂದು ಅವಳಿಗೆ ಗೊತ್ತಿತ್ತು.

"ಏನ್ ಕೆಲಸ ನಿಮ್ದು?" ಎಂದು ಅವನು ಹೋಗುವಾಗ ಕೇಳಿದ.

"ಆಫೀಸು. ಬರೀ ಕಾಗದದ ಕೆಲಸ," ಅಂದಳು.

ಕಾರಿನಲ್ಲಿ ಕುಳಿತ ಮೇಲೆ ಮುಖ ಕಿವಿಯವರೆಗೂ ಬಿಸಿಯಾಯಿತು. ಸುಳ್ಳು ಹೇಳಿರಲಿಲ್ಲ. ಸುಳ್ಳಿಗಿಂತ ಕೀಳಾದ ಏನೋ ಒಂದನ್ನು ಮಾಡಿ ಬಂದಿದ್ದಳು.

*

ಮತ್ತೆ ಹೋಗಬಾರದಿತ್ತು. ಹೋದಳು. ಪ್ರತಿ ಮಂಗಳವಾರ ಸಂಜೆ, ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಹೋದಳು. ಅವನು ಬಾಗಿಲಲ್ಲೇ "ಬಂದ್ರಾ, ನಮ್ಮ ಚಾಂಪಿಯನ್ನು?" ಎಂದು ಕೂಗುತ್ತಿದ್ದ. ಸಿದ್ಧಮಾಡಿಕೊಂಡ ಮಾತು ಅಲ್ಲೇ ನಾಲಿಗೆಯಡಿ ಸೇರಿಕೊಳ್ಳುತ್ತಿತ್ತು.

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ನೆನಪಿಲ್ಲ. ಬಹುಶಃ ಅವಳು ಕೈ ಬಿಟ್ಟು ರಿಂಕಿನ ಉದ್ದಕ್ಕೂ ಒಬ್ಬಳೇ ಹೋದ ಸಂಜೆ ಇರಬೇಕು. "ಬಿಡ್ಬೇಡ, ಬಿಡ್ಬೇಡ" ಎಂದು ಅವಳು ಕಿರುಚಿದ್ದು, "ಆಗ್ಲೇ ಬಿಟ್ಟಾಯ್ತಲ್ಲೇ, ಮಾರಾಯ್ತಿ!" ಎಂದು ಅವನು ಹಿಂದಿನಿಂದ ಕೂಗಿದ್ದು. ಅವಳು ತಿರುಗಿ ನೋಡಿದಾಗ ಅವನು ಎರಡೂ ಕೈ ಮೇಲೆತ್ತಿ, ನೋಡು ನನ್ನ ಕೈಯಲ್ಲಿ ಏನೂ ಇಲ್ಲ ಎಂಬಂತೆ ನಿಂತಿದ್ದ. ಆ ನೋಟದಲ್ಲಿ ಹೆಮ್ಮೆಯಿತ್ತು. ಅವಳನ್ನು ಅಷ್ಟು ಹೆಮ್ಮೆಯಿಂದ ಯಾರೂ ನೋಡಿ ಬಹಳ ವರ್ಷವಾಗಿತ್ತು.

ಅಲ್ಲಿ ಅವನ ಅಪ್ಪನ ಅಕ್ಕ ಇರೆನಾ ಕೂಡ ಇರುತ್ತಿದ್ದರು. ಟ್ಯಾಡ್ ಅವರನ್ನು ಪೋಲಿಷ್ ಮನೆಗಳ ರೂಢಿಯಂತೆ ಚೋಚಾ, ಅಂದರೆ ಅತ್ತೆ, ಎಂದು ಕರೆಯುತ್ತಿದ್ದ. ಎಪ್ಪತ್ತು ದಾಟಿದ ಹೆಂಗಸು, ತುಟಿಗೆ ಗಾಢ ಕೆಂಪು, ಮಾತು ಅದಕ್ಕಿಂತ ಖಾರ. ಒಂದು ಮಂಗಳವಾರ ಡಬ್ಬಿಯ ತುಂಬ ಪಿಯರೋಗಿ ಎಂಬ ಆಲೂಗಡ್ಡೆ ತುಂಬಿದ ಕಡುಬು ತಂದು, ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ಸಮೇತ ರೋವೆನಾಳ ಮುಂದಿಟ್ಟರು.

"ತಿನ್ನು. ಬಿದ್ರೆ ಮೂಳೆ ಸದ್ದು ಕೇಳುತ್ತೆ, ಅಷ್ಟು ಸಣ್ಣ ಇದೀಯಾ. ಮದ್ವೆ ಆಗಿದ್ಯಾ?"

"ಚೋಚಾ!" ಅಂದ ಟ್ಯಾಡ್.

"ಯಾಕೆ, ಕೇಳಬಾರ್ದಾ? ನೀನು ಕೇಳ್ತೀಯಾ ಅಂತ ಕಾಯ್ತಾ ಕೂತ್ರೆ ನಾನು ಹೋಗೇಬಿಡ್ತೀನಿ."

"ಆಗಿಲ್ಲ," ಅಂದಳು ರೋವೆನಾ, ತಟ್ಟೆ ನೋಡುತ್ತ.

"ಇವನಿಗೂ ಆಗಿಲ್ಲ. ನೋಡೋಕೆ ಪರವಾಗಿಲ್ಲ, ಅಡಿಗೆ ಮಾತ್ರ ನಾಯಿಗೂ ಹಿಡಿಸಲ್ಲ," ಎಂದು ಇರೆನಾ ಎದ್ದು ಹೋದರು.

ಟ್ಯಾಡ್‌ನ ಕುತ್ತಿಗೆ ಕೆಂಪಾಗಿತ್ತು. ಅವನ ಮುಖ ನೋಡಲಾಗದೆ ರೋವೆನಾ ಮೂಲೆಯ ಖಾಲಿ ಕಟ್ಟೆಯ ಕಡೆ ನೋಡಿದಳು. "ಅಲ್ಲೇನಿತ್ತು?"

"ಆರ್ಗನ್ನು. ಚರ್ಚಲ್ಲಿರುತ್ತಲ್ಲ, ಹಾಗೇ, ಆದ್ರೆ ಕುಣಿಸೋದು. ಪ್ರತಿ ಭಾನುವಾರ ಚೋಚಾ ನುಡಿಸ್ತಿದ್ಲು, ನಾನು ಹುಟ್ಟೋಕ್ಕಿಂತ ಮುಂಚಿಂದ. ಈ ನೆಲದ ಮೇಲೆ ಅದೆಷ್ಟು ಜನ ಜೋಡಿಯಾದ್ರೋ ಅದನ್ನ ಕೇಳ್ತಾ." ಅವನು ದನಿ ತಗ್ಗಿಸಿದ. "ಬ್ಯಾಂಕಿನವರು ಕಣ್ಣು ಹಾಕೋದ್ರೊಳಗೆ ಅವಳ ಗ್ಯಾರೇಜಿಗೆ ಸಾಗಿಸಿಬಿಟ್ಟೆ. ಮೇಲೆ ಕೌದಿ ಹೊದಿಸಿದೀನಿ. ಯಾರಿಗೂ ಹೇಳ್ಬೇಡ."

ಅಡವಿಟ್ಟ ಸಾಮಾನುಗಳಲ್ಲಿ ಆ ಆರ್ಗನ್ ಕೂಡ ಇತ್ತು. ರೋವೆನಾಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಆ ಸಂಜೆ ಅವನು ಅವಳನ್ನು ಕಾರಿನವರೆಗೂ ಬಿಡಲು ಬಂದ. ಹಿಮ ಸಣ್ಣಗೆ ಉದುರುತ್ತಿತ್ತು. ಅವಳ ಟೋಪಿಯ ಅಂಚಿನಿಂದ ಹಿಮ ಒರೆಸುವ ನೆಪದಲ್ಲಿ ಅವನ ಬೆರಳು ಅವಳ ಹಣೆಗೆ ತಾಗಿತು. ತಾಗಿದ ಬೆರಳು ಅಲ್ಲೇ ನಿಂತಿತು. ಬೇಕಾದರೆ ನೀನು ಹಿಂದೆ ಸರಿಯಬಹುದು ಎನ್ನುವಷ್ಟು ನಿಧಾನವಾಗಿ ಅವನು ಬಾಗಿದ. ಅವಳು ಸರಿಯಲಿಲ್ಲ. ಅವನ ತುಟಿ ತಣ್ಣಗಿತ್ತು, ಉಸಿರು ಬಿಸಿಯಾಗಿತ್ತು.

"ಟ್ಯಾಡ್, ನಾನು..." ಎಂದಳು ಅವಳು, ಅವನ ಕೋಟಿನ ಗುಂಡಿ ಹಿಡಿದುಕೊಂಡು.

"ಏನು?"

ಅವನ ಕಣ್ಣಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಆ ನಂಬಿಕೆಯನ್ನು ತನ್ನ ಕೈಯಾರೆ ಒಡೆಯುವ ಧೈರ್ಯ ಅವಳಿಗೆ ಬರಲಿಲ್ಲ.

"ಏನಿಲ್ಲ. ಕೈ ತಣ್ಣಗಾಗಿದೆ."

ಅವನು ಅವಳ ಎರಡೂ ಕೈಗಳನ್ನು ತನ್ನ ಜೇಬಿನೊಳಗೆ ಇಟ್ಟುಕೊಂಡ.

*

ಗ್ಯಾರೆಟ್ ಬ್ರೆಕೆನ್ ಕಚೇರಿಯ ಹಿರಿಯ ಪಾಲುದಾರ. ಊಟದ ಹೊತ್ತಿಗೆ ಸ್ಯಾಂಡ್‌ವಿಚ್ ಹಿಡಿದು ರೋವೆನಾಳ ಮೇಜಿನ ಅಂಚಿನ ಮೇಲೆ ಕುಳಿತ.

"ಆ ಸ್ಕೇಟಿಂಗ್ ರಿಂಕಿಗೆ ರಿಸೀವರ್ ಕೇಳ್ತಿದೀವಲ್ಲ, ಜಡ್ಜ್ ಮೆರಿವೆದರ್ ಸುಮ್ನೆ ಕೊಡಲ್ಲ ಕಣೇ. ಸಾಲ ಬಾಕಿ ಅಂದ್ರೆ ಸಾಲದು ಅಂತಾರೆ. ಆಸ್ತಿಗೇ ಅಪಾಯ ಇದೆ ಅಂತ ತೋರಿಸ್ಬೇಕು. ಏನಾದ್ರೂ ಸಿಕ್ತಾ?"

ಅವಳು ಕಂಪ್ಯೂಟರಿನಿಂದ ತಲೆಯೆತ್ತದೆ, ಹತ್ತು ವರ್ಷದ ಅಭ್ಯಾಸಬಲದಿಂದ, ಒಳ್ಳೆಯ ವಕೀಲೆ ಉತ್ತರಿಸುವಂತೆ ಉತ್ತರಿಸಿದಳು. "ಆರ್ಗನ್ ಅಲ್ಲಿಲ್ಲ."

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದು ಅವಳ ಕಿವಿಗೆ ಬಿದ್ದದ್ದು.

"ಇಲ್ವಾ? ಎಲ್ಲೋಯ್ತು?"

ಗೊತ್ತಿಲ್ಲ ಎನ್ನಬಹುದಿತ್ತು. ಬ್ರೆಕೆನ್ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಅವಳು ಹೇಳಿದಳು. ಅತ್ತೆ, ಗ್ಯಾರೇಜು, ಎಲ್ಲ. ಕೌದಿಯ ವಿಷಯವೊಂದನ್ನು ಬಿಟ್ಟು. ಅದನ್ನೊಂದು ಉಳಿಸಿಕೊಂಡದ್ದೇ ದೊಡ್ಡ ನಿಷ್ಠೆ ಎಂಬಂತೆ.

"ಹೆಂಗೆ ಗೊತ್ತಾಯ್ತು?"

"ನೋಡೋಕೆ ಹೋಗಿದ್ದೆ. ಮಾತಾಡ್ತಾ ಅವ್ರೇ ಹೇಳಿದ್ರು."

"ಭೇಷ್! ಇದನ್ನ ಅರ್ಜಿಯಲ್ಲಿ ಹಾಕ್ಬೇಡ, ಬೇರೆ ಕಡೆ ಸಾಗಿಸಿಬಿಡ್ತಾನೆ. ಕೋರ್ಟಲ್ಲೇ ಬಾಯಿಬಿಡು. ನೀನೇ ವಾದ ಮಾಡು." ಬ್ರೆಕೆನ್ ಅವಳ ಭುಜ ತಟ್ಟಿ ಹೋದ. ಅವನು ತಟ್ಟಿದ ಜಾಗವನ್ನು ಅವಳು ಬಹಳ ಹೊತ್ತು ಉಜ್ಜಿಕೊಂಡಳು.

ಮುಂದಿನ ಮಂಗಳವಾರ ಅವಳು ಹೋಗಲಿಲ್ಲ. ಟ್ಯಾಡ್‌ನ ಮೆಸೇಜು ಬಂತು: "ಚಾಂಪಿಯನ್, ಕಾಲು ಮುರ್ಕೊಂಡ್ಯಾ?" ಆಮೇಲೆ: "ಚೋಚಾ ಕೇಳ್ತಿದಾಳೆ. ಅಂದ್ರೆ ನಾನು ಕೇಳ್ತಿದೀನಿ." ಕೊನೆಯದಾಗಿ: "ಗುರುವಾರ ಕೋರ್ಟಿದೆ, ಬ್ಯಾಂಕಿನ ಕೇಸು. ಯಾರಿಗೂ ಹೇಳಿಲ್ಲ, ನಿಂಗೆ ಹೇಳ್ತಿದೀನಿ. ಭಯ ಆಗ್ತಿದೆ."

ಅವಳು ಬರೆದು ಅಳಿಸಿದಳು, ಮತ್ತೆ ಬರೆದು ಅಳಿಸಿದಳು. ಏನನ್ನೂ ಕಳಿಸಲಿಲ್ಲ.

*

ಗುರುವಾರ ಕೋರ್ಟಿನ ಕೋಣೆಗೆ ಅವಳು ಬ್ರೆಕೆನ್‌ಗಿಂತ ಸ್ವಲ್ಪ ಮೊದಲು ಬಂದಳು. ಟ್ಯಾಡ್ ಜೊತೆಗೆ ವಕೀಲರಿಲ್ಲದೆ ಮುಂದಿನ ಬೆಂಚಿನಲ್ಲಿ ಕುಳಿತಿದ್ದ; ಮೈಮೇಲಿದ್ದ ಸೂಟಿನ ತೋಳು ಗಿಡ್ಡವಾಗಿತ್ತು. ಪಕ್ಕದಲ್ಲಿ ಇರೆನಾ, ಅವತ್ತು ತುಟಿಗೆ ಬಣ್ಣವಿಲ್ಲ. ಬಾಗಿಲ ಸದ್ದಿಗೆ ಅವನು ತಿರುಗಿ ನೋಡಿದ.

ಮುಖ ಅರಳಿತು. "ನೀನು ಬಂದ್ಯಾ!" ಎಂದು ಪಿಸುಗುಟ್ಟಿದ. ತಾನು ಭಯ ಎಂದದ್ದಕ್ಕೆ ಅವಳು ಓಡಿ ಬಂದಿದ್ದಾಳೆ ಎಂದೇ ಅವನು ತಿಳಿದ. ಇರೆನಾರ ಕೈಚೀಲವನ್ನು ಎತ್ತಿ ಕೆಳಗಿಟ್ಟು, ಬೆಂಚಿನ ಮೇಲೆ ಅವಳಿಗೆ ಜಾಗ ಮಾಡಿದ. ಕೂತುಕೋ ಎಂದು ಅಂಗೈಯಿಂದ ಆ ಜಾಗವನ್ನು ಒಮ್ಮೆ ಒರೆಸಿದ ಕೂಡ.

ರೋವೆನಾ ಅವನನ್ನು ದಾಟಿ ಮುಂದೆ ನಡೆದಳು. ಮುಂದಿನ ಕಟಾಂಜನದ ಸಣ್ಣ ಬಾಗಿಲು ತಳ್ಳಿ, ಬ್ಯಾಂಕಿನವರ ಮೇಜಿನ ಮೇಲೆ ತನ್ನ ಚೀಲ ಇಟ್ಟಳು. ಹಿಂತಿರುಗಿ ನೋಡುವ ಶಕ್ತಿ ಇರಲಿಲ್ಲ. ಬೆನ್ನಿನ ಮೇಲೆ ಅವನ ನೋಟ ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ ಇಳಿಯುತ್ತಿರುವುದು ಅವಳಿಗೆ ಗೊತ್ತಾಯಿತು. ಆ ಖಾಲಿ ಜಾಗದಲ್ಲಿ ಅವನ ಕೈ ಇನ್ನೂ ಇತ್ತೋ ಏನೋ.

ಜಡ್ಜ್ ಮೆರಿವೆದರ್ ಕನ್ನಡಕದ ಮೇಲಿನಿಂದ ನೋಡಿದರು. "ಬಾಕಿ ಇದೆ ಅಂತ ಗೊತ್ತಾಯ್ತು, ಕೌನ್ಸೆಲ್. ಆದ್ರೆ ಇವತ್ತೇ ರಿಸೀವರ್ ಕೂರಿಸೋ ಅಷ್ಟು ಅವಸರ ಏನಿದೆ? ಆಸ್ತಿಗೆ ಅಪಾಯ ಇದ್ಯಾ?"

ರೋವೆನಾ ಎದ್ದು ನಿಂತಳು. ಬ್ರೆಕೆನ್ ಮೇಜಿನಡಿ ಅವಳ ಮೊಣಕೈ ಮುಟ್ಟಿ, ಹೇಳು ಎಂದು ಸನ್ನೆ ಮಾಡಿದ.

"ಯುವರ್ ಆನರ್, ಈ ಕೇಸಲ್ಲಿ ನಾನು ಮುಂದುವರಿಯೋ ಹಾಗಿಲ್ಲ." ಮುಂದಿದ್ದ ಕಡತವನ್ನು ಮುಚ್ಚಿದಳು. "ನಾನು ಯಾರು ಅಂತ ಹೇಳದೆ ಈ ಮನುಷ್ಯನ ಹತ್ರ ಹೋಗಿದ್ದೆ. ಒಂದು ಸಲ ಅಲ್ಲ. ಸ್ಕೇಟಿಂಗ್ ಕಲಿಯೋಳು ಅಂತ ನಂಬಿ ಅವರು ನನ್ನ ಹತ್ರ ಮಾತಾಡಿದ್ರು. ನಾನು ನಂಬೋಕೆ ಬಿಟ್ಟೆ. ಅಲ್ಲಿ ಕೇಳಿದ್ದನ್ನ ಇಲ್ಲಿ ಹೇಳೋ ಹಕ್ಕು ನನಗಿಲ್ಲ. ತಪ್ಪು ನಂದು."

ಬ್ರೆಕೆನ್ ದಡಕ್ಕನೆ ಎದ್ದ. "ಯುವರ್ ಆನರ್, ಸಹೋದ್ಯೋಗಿ ಏನೇ ಮಾಡಿರಲಿ, ಸತ್ಯ ಸತ್ಯಾನೇ. ಅಡವಿಟ್ಟ ಆರ್ಗನ್ನನ್ನ ಈತ ಅತ್ತೆ ಮನೆ ಗ್ಯಾರೇಜಲ್ಲಿ ಬಚ್ಚಿಟ್ಟಿದಾನೆ!"

ಇರೆನಾ ಬಾಯಿಗೆ ಕೈ ಅಡ್ಡ ಹಿಡಿದರು.

"ಹೌದಾ, ಮಿಸ್ಟರ್ ಗ್ರಾಬೋವ್ಸ್ಕಿ?" ಜಡ್ಜ್ ಕೇಳಿದರು.

ಟ್ಯಾಡ್ ನಿಧಾನವಾಗಿ ಎದ್ದ. "ಹೌದು. ನಾನೇ ಇಟ್ಟಿದ್ದು. ನಮ್ಮತ್ತೆಗೆ ಬೇಡ ಅಂತಾನೇ ಇತ್ತು, ನನ್ನ ಬಲವಂತ. ಅವಳನ್ನ ಏನೂ ಮಾಡ್ಬೇಡಿ."

ಆರ್ಗನ್ ಮತ್ತೆ ರಿಂಕಿಗೆ ಬರಬೇಕು, ಟ್ಯಾಡ್ ಒಬ್ಬ ವಕೀಲರನ್ನು ಹಿಡಿಯಬೇಕು, ಅಲ್ಲಿಯವರೆಗೆ ರಿಸೀವರ್ ಇಲ್ಲ ಎಂದು ಜಡ್ಜ್ ಆದೇಶ ಮಾಡಿದರು. ಆಮೇಲೆ ರೋವೆನಾಳತ್ತ ತಿರುಗಿದರು. "ನಿಮ್ಮ ವಿಷಯ ನಾನು ವಕೀಲರ ಶಿಸ್ತು ಸಮಿತಿಗೆ ಕಳಿಸ್ಲೇಬೇಕಾಗುತ್ತೆ."

"ಗೊತ್ತು, ಯುವರ್ ಆನರ್."

ಹೊರಗೆ ಪಡಸಾಲೆಯಲ್ಲಿ ಇರೆನಾ ಅವಳ ದಾರಿಗೆ ಅಡ್ಡ ನಿಂತರು. "ನನ್ನ ಪಿಯರೋಗಿ ತಿಂದ್ಯಲ್ಲ, ಅದನ್ನ್ಯಾಕೆ ಬಿಟ್ಟೆ? ಎಷ್ಟು ತಿಂದೆ ಅಂತ ಅದನ್ನೂ ಒಳಗಡೆ ಹೇಳ್ಬೇಕಿತ್ತು."

"ಬಾ ಚೋಚಾ," ಅಂದ ಟ್ಯಾಡ್.

"ಟ್ಯಾಡ್, ಒಂದೇ ಮಾತು..."

ಅವನು ನಿಂತ. ಅವಳ ಮುಖ ನೋಡಲಿಲ್ಲ; ಅವಳ ಹೆಗಲ ಆಚೆಗಿನ ಗೋಡೆಯನ್ನು ನೋಡಿದ. "ಒಳಗೆ ಸತ್ಯ ಹೇಳಿದ್ರಿ. ಒಳ್ಳೇದು. ಆದ್ರೆ ನಿಮ್ಮ ಆಫೀಸಿನವ್ರಿಗೆ ಅದು ಗೊತ್ತಿತ್ತು ಅಂದ್ಮೇಲೆ, ನೀವು ಮೊದ್ಲೇ ಹೇಳಿದ್ರಿ ಅಂತಾಯ್ತು. ಅಲ್ವಾ?"

ಆ 'ನೀವು' ಕೆನ್ನೆಗೆ ಬಡಿದ ಹಾಗಿತ್ತು.

"ಹೌದು," ಅಂದಳು.

ಅವನು ತಲೆಯಾಡಿಸಿ, ಅತ್ತೆಯ ಕೈಹಿಡಿದು ಮೆಟ್ಟಿಲಿಳಿದ.

*

ರಿಂಕು ಉಳಿಯಲಿಲ್ಲ. ವಕೀಲರು ಬಂದರೂ ಸಾಲ ಸಾಲವೇ ಆಗಿತ್ತು. ಕೊನೆಗೆ ರಿಸೀವರ್ ಬಂದ. ಪುಣ್ಯಕ್ಕೆ ಬಾಗಿಲು ಹಾಕದೆ, ವಸಂತದವರೆಗೆ ನಡೆಸಿಕೊಂಡು ಹೋದ. ಆಮೇಲೆ ಕಟ್ಟಡವನ್ನು ಗೋದಾಮಿನ ಕಂಪನಿಯೊಂದು ಕೊಂಡಿತು. ಆರ್ಗನ್ ಹರಾಜಾಗಿ ಇಂಡಿಯಾನಾ ಕಡೆಗೆ ಹೋಯಿತು.

ರೋವೆನಾ ಕೆಲಸ ಬಿಟ್ಟಳು. ಬಿಡದಿದ್ದರೆ ಅವರೇ ಬಿಡಿಸುತ್ತಿದ್ದರು. ಶಿಸ್ತು ಸಮಿತಿ ಅವಳ ಸನ್ನದು ಕಿತ್ತುಕೊಳ್ಳಲಿಲ್ಲ, ಬಹಿರಂಗವಾಗಿ ಛೀಮಾರಿ ಹಾಕಿತು. ವಕೀಲರ ಪತ್ರಿಕೆಯಲ್ಲಿ ಅವಳ ಹೆಸರಿನೊಂದಿಗೆ ಅದು ಅಚ್ಚಾಯಿತು. ಹಳೆಯ ಸಹಪಾಠಿಗಳು ಅಂಗಡಿಯಲ್ಲಿ ಎದುರಾದರೆ ತಟ್ಟನೆ ಬ್ರೆಡ್ಡಿನ ಸಾಲಿನ ಕಡೆ ತಿರುಗಿಕೊಳ್ಳುತ್ತಿದ್ದರು. ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ. ಅವಳನ್ನು ಕೊರೆಯುತ್ತಿದ್ದದ್ದು ಪತ್ರಿಕೆಯಲ್ಲಿ ಬಂದದ್ದಲ್ಲ, ಬರದೆ ಉಳಿದದ್ದು. ಅವನು ಬೆಂಚು ಒರೆಸಿದ್ದು ಯಾವ ಪತ್ರಿಕೆಗೂ ಗೊತ್ತಿರಲಿಲ್ಲ.

ಮಾಮೀ ನದಿಯಾಚೆ, ಬೇಕರಿಯೊಂದರ ಮಹಡಿಯ ಮೇಲೆ ಸಣ್ಣ ಕೋಣೆ ಹಿಡಿದಳು. ಉಯಿಲು ಬರೆದುಕೊಡುವುದು, ಬಾಡಿಗೆ ಕರಾರು ಮಾಡುವುದು, ಇಂಥವು. ಬಂದವರು ಕೂತ ತಕ್ಷಣ ಹೇಳಿಬಿಡುತ್ತಿದ್ದಳು: "ಮೊದ್ಲೇ ಹೇಳ್ತೀನಿ, ನನ್ನ ಮೇಲೆ ಛೀಮಾರಿ ಇದೆ." ಕೆಲವರು ಎದ್ದು ಹೋಗುತ್ತಿದ್ದರು. ಕೆಲವರು ಉಳಿಯುತ್ತಿದ್ದರು.

ಸೇಬು ಮಾರುಕಟ್ಟೆಗೆ ಬರುವ ಕಾಲ. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಬಾಗಿಲಲ್ಲಿ ಗಾಢ ಕೆಂಪು ತುಟಿ ಕಂಡಿತು.

"ಲಿಫ್ಟ್ ಇಲ್ವಾ ನಿಮ್ಮಲ್ಲಿ? ವಯಸ್ಸಾದವರು ಉಯಿಲು ಬರ್ಸೋಕೆ ಬಂದು ಮೆಟ್ಟಿಲಲ್ಲೇ ಸಾಯ್ಲಿ ಅಂತಾನಾ?"

ರೋವೆನಾ ಎದ್ದು ನಿಂತಳು. ಇರೆನಾರ ಹಿಂದೆ ಟ್ಯಾಡ್. ಗಡ್ಡ ಬಿಟ್ಟಿದ್ದ, ಸ್ವಲ್ಪ ಸೊರಗಿದ್ದ. ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

"ನಾನು... ಮೊದ್ಲೇ ಹೇಳ್ಬೇಕು, ನನ್ನ ಮೇಲೆ ಛೀಮಾರಿ..."

"ಗೊತ್ತು ಕಣೇ, ನಾನಲ್ಲೇ ಇದ್ನಲ್ಲ!" ಇರೆನಾ ಕುರ್ಚಿಯಲ್ಲಿ ಕುಕ್ಕರಿಸಿದರು. "ಬೇರೆ ಮೂರು ಲಾಯರ್ ಹತ್ರ ಹೋಗಿದ್ದೆ. ಎಲ್ರೂ ನಕ್ಕು ನಕ್ಕು ಮಾತಾಡಿದ್ರು. ಒಬ್ರನ್ನೂ ನಂಬೋಕಾಗ್ಲಿಲ್ಲ. ನೀನು ತಪ್ಪು ಮಾಡಿ, ಅಷ್ಟು ಜನರ ಮುಂದೆ ಮುಖ ಕೆಂಪು ಮಾಡ್ಕೊಂಡು ನಿಂತಿದ್ದು ನೋಡಿದೀನಿ. ಇನ್ನೊಂದ್ಸಲ ಮಾಡಲ್ಲ ನೀನು. ಬರ್ಕೋ. ಮನೆ ಇದೆ, ಗ್ಯಾರೇಜ್ ಖಾಲಿ ಇದೆ, ಆ ಪುಣ್ಯಾತ್ಮ ಬ್ರೆಕೆನ್‌ಗೆ ಬೇಕಾದ್ರೆ ಬಂದು ನೋಡ್ಲಿ."

ಟ್ಯಾಡ್‌ನ ತುಟಿಯಂಚು ಸಣ್ಣಗೆ ಅಲುಗಿತು. ರೋವೆನಾ ಪೆನ್ನು ತೆಗೆದಳು.

"ಯಾರ ಹೆಸರಿಗೆ ಬರೀಬೇಕು?"

"ಇನ್ಯಾರಿಗೆ? ಈ ಉದ್ದ ಕೋಲಿನಂಥವನಿಗೆ. ಚಕ್ರದ ಮೇಲಿದ್ದೋನು ಈಗ ಐಸಿನ ಮೇಲೆ ಹಾಕಿ ಆಟ ಆಡೋ ಕಡೆ ನೆಲ ಉಜ್ಜೋ ಗಾಡಿ ಓಡಿಸ್ತಾನೆ. ಇವನನ್ನ ಬಿಟ್ರೆ ನಂಗ್ಯಾರಿದಾರೆ?"

ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ. ರೋವೆನಾ ಅದನ್ನು ಮೆಲ್ಲಗೆ ಕೆಳಗಿಟ್ಟಳು.

"ಹಾಗಾದ್ರೆ ನಾನು ಬರೆಯೋ ಹಾಗಿಲ್ಲ, ಮಿಸ್ ಇರೆನಾ. ಬೇರೆಯವರ ವಿಳಾಸ ಕೊಡ್ತೀನಿ, ಒಳ್ಳೆಯವರು."

"ಯಾಕೆ? ಏನಾಯ್ತೀಗ?"

"ಆಸ್ತಿ ಯಾರಿಗೆ ಹೋಗುತ್ತೋ ಅವರ ಮೇಲೆ ವಕೀಲರಿಗೆ ಏನಾದ್ರೂ ಇದ್ರೆ, ಬರೀಬಾರ್ದು. ಇದ್ರೆ ಹೇಳ್ಬಿಡ್ಬೇಕು." ಅವಳು ಕಷ್ಟಪಟ್ಟು ಕಣ್ಣೆತ್ತಿ ಬಾಗಿಲ ಕಡೆ ನೋಡಿದಳು. ನಾಚಿಕೆ ಮುಖವನ್ನು ಸುಡುತ್ತಿತ್ತು. ಸುಡಲಿ ಎಂದು ಬಿಟ್ಟಳು. "ನಂಗೆ ಅವರ ಮೇಲೆ ಪ್ರೀತಿ ಇದೆ. ಆವತ್ತೂ ಇತ್ತು. ಅದು ಇದ್ದೂ ಹಾಗ್ಮಾಡ್ದೆ, ಅದಕ್ಕೇ ಕನ್ನಡಿ ನೋಡ್ಕೊಳ್ಳೋಕೂ ಆಗಲ್ಲ ನಂಗೆ. ಏನೂ ಕೇಳ್ತಿಲ್ಲ. ಈ ಸಲ ಮೊದ್ಲೇ ಹೇಳ್ಬೇಕು ಅನ್ನಿಸ್ತು, ಅಷ್ಟೇ."

ಇರೆನಾ ಅವಳನ್ನು ನೋಡಿದರು, ಹಿಂದೆ ತಿರುಗಿ ಟ್ಯಾಡ್‌ನನ್ನು ನೋಡಿದರು. ಕೈಚೀಲ ಎತ್ತಿಕೊಂಡು ಎದ್ದರು. "ಕೆಳಗೆ ಬೇಕರೀಲಿ ಏನೋ ಒಳ್ಳೇ ವಾಸನೆ ಬರ್ತಿದೆ," ಎಂದು ಟ್ಯಾಡ್‌ನ ಪಕ್ಕದಿಂದ ನುಸುಳಿ, ಬಂದಾಗಿನ ಏದುಸಿರೇನೂ ಇಲ್ಲದೆ ಸರಸರ ಇಳಿದು ಹೋದರು.

ಟ್ಯಾಡ್ ಒಳಗೆ ಬಂದು, ಅತ್ತೆ ಕುಳಿತಿದ್ದ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದು ನಿಂತ.

"ನಂಗೂ ನಾಚಿಕೆ ಆಗಿತ್ತು," ಅಂದ. "ಕೋರ್ಟಲ್ಲಿ ಚೋಚಾ ಮುಖ ನೋಡಿದೆ. ಈ ವಯಸ್ಸಲ್ಲಿ ಅವಳನ್ನ ಕಳ್ಳಿ ಮಾಡಿದ್ದು ನಾನು. ಕೋಪ ಎಲ್ಲಾ ನಿನ್ನ ಮೇಲೆ ಹಾಕಿದ್ರೆ ನಂದು ಕಾಣಲ್ಲ ಅಂತ, ಹಾಕ್ತಾನೇ ಬಂದೆ."

"ನನ್ನ ಮೇಲೆ ಹಾಕೋಕೆ ಕಾರಣ ಇತ್ತು."

"ಇತ್ತು. ಈಗ್ಲೂ ಇದೆ." ಅವನು ಈಗ ಅವಳ ಮುಖವನ್ನೇ ನೋಡುತ್ತಿದ್ದ. "ಸಿಟ್ಟು ಹೋಗಿಲ್ಲ, ರೋವೆನಾ. ಯಾವಾಗ ಹೋಗುತ್ತೋ ಗೊತ್ತಿಲ್ಲ. ಭಾನುವಾರ ಚೋಚಾ ಮನೇಲಿ ಊಟ. ನಿನ್ನ ಕರ್ಕೊಂಡ್ಬಾ ಅಂತ ಒಂದು ತಿಂಗಳಿಂದ ಪ್ರಾಣ ತಿಂತಿದಾಳೆ. ಸಿಟ್ಟು ಇಳಿಯೋವರೆಗೂ ಕಾಯ್ಲಾ, ಇಲ್ಲಾ ಇಟ್ಕೊಂಡೇ ನಿನ್ನ ಕರೆಯೋಕೆ ಬರ್ಲಾ?"

ಕೆಳಗೆ ಬೇಕರಿಯಲ್ಲಿ ಇರೆನಾ ಯಾರಿಗೋ ರೊಟ್ಟಿ ಗಟ್ಟಿಯಾಗಿದೆ ಎಂದು ಬೈಯುವುದು ಕೇಳುತ್ತಿತ್ತು. ರೋವೆನಾಳ ಕಣ್ಣು ತುಂಬಿ, ಮೇಜು, ಕಿಟಕಿ, ಅವನ ಗಡ್ಡ ಎಲ್ಲ ಕಲಸಿಹೋದವು.

"ಇಟ್ಕೊಂಡೇ ಬಾ," ಅಂದಳು.